ಹಾಡಿನ ಮಾಲೆಯಲ್ಲಿ ಜಾಹೀರಾತಿನ ಗಂಟು

ಸುದ್ದಿಯ ಜಾಲತಾಣವೊಂದನ್ನು ತೆರೆಯುತ್ತೀರಿ. ಬ್ರೌಸರಿನಲ್ಲಿ ಆಡ್‌ಬ್ಲಾಕರ್ ಇದೆ. ಸೀರೆ ಅಂಗಡಿ, ಹೊಸ ಕಾರು, ಸಾಲ ಕೊಡುವ ಕಂಪನಿ ಎಲ್ಲವೂ ಮಾಯವಾಗಿವೆ. ಅವು ಇದ್ದ ಜಾಗ ಕೂಡ ಉಳಿದಿಲ್ಲ. ಕೆಳಗಿನ ಪ್ಯಾರಾ ಮೇಲಕ್ಕೆ ಸರಿದು ಖಾಲಿಯನ್ನು ತುಂಬಿಕೊಂಡಿದೆ. ಅದೇ ಕಂಪ್ಯೂಟರಿನಲ್ಲಿ ಇಂಟರ್ನೆಟ್ ರೇಡಿಯೋ ಹಾಕುತ್ತೀರಿ. ಹಾಡು ಮುಗಿದದ್ದೇ ತಡ, ಜಾಹೀರಾತು ಶುರುವಾಗುತ್ತದೆ, ಆಡ್‌ಬ್ಲಾಕರ್ ಏನೂ ಮಾಡುವುದಿಲ್ಲ. ಬೇರೊಂದು ಸ್ಟೇಷನ್‌ಗೆ ಹೋದರೆ ಅಲ್ಲಿ ಜಾಹೀರಾತು ಕೇಳಿಸುವುದಿಲ್ಲ ನಿಜ, ಆದರೆ ಹಾಡೂ ಇಲ್ಲ; ಅರ್ಧ ನಿಮಿಷ ಬರೀ ಮೌನ. ಮತ್ತೊಂದರಲ್ಲಿ ಜಾಹೀರಾತು ಮುಗಿದು ಹಾಡು ಬರುವಷ್ಟರಲ್ಲಿ ಪಲ್ಲವಿಯ ಮೊದಲ ಸಾಲೇ ಹಾರಿಹೋಗಿದೆ.

ಪುಟದ ಮೇಲಿನ ಜಾಹೀರಾತನ್ನು ಗುರುತೇ ಸಿಗದಂತೆ ಅಳಿಸುವ ತಂತ್ರ ಕಿವಿಗೆ ಬೀಳುವ ಜಾಹೀರಾತಿನ ಮುಂದೆ ಯಾಕೆ ಸೋಲುತ್ತದೆ? ಸೋತರೂ ಒಂದೊಂದು ಸ್ಟೇಷನ್‌ನಲ್ಲಿ ಒಂದೊಂದು ಬಗೆಯಲ್ಲಿ ಯಾಕೆ ಸೋಲುತ್ತದೆ? ಮೂರನೆಯ ಸ್ಟೇಷನ್ನಿನ ಕಥೆಯಿಂದಲೇ ಶುರು ಮಾಡುವುದು ಒಳ್ಳೆಯದು. ಆ ಹಾರಿಹೋದ ಪಲ್ಲವಿಗೆ ಒಂದು ಇತಿಹಾಸವಿದೆ.

ಕತ್ತರಿ ಹಿಡಿದ ಸ್ಟೇಷನ್‌ಗಳು

ದುಡ್ಡು ಕೊಟ್ಟು ರೇಡಿಯೋದಲ್ಲಿ ಜಾಹೀರಾತು ಹಾಕಿಸುವ ಪದ್ಧತಿಗೆ ನೂರು ವರ್ಷ ದಾಟಿದೆ. 1922ರ ಆಗಸ್ಟ್ 28ರಂದು ನ್ಯೂಯಾರ್ಕಿನ ಡಬ್ಲ್ಯುಇಎಎಫ್ ಸ್ಟೇಷನ್ನಿನಲ್ಲಿ ಕ್ವೀನ್ಸ್‌ಬರೋ ಕಾರ್ಪೊರೇಷನ್ ಎಂಬ ಕಂಪನಿ ತಾನು ಕಟ್ಟಿದ ಮನೆಗಳ ಬಗ್ಗೆ ಮಾತಾಡಿಸಿದ್ದನ್ನು ಇದರ ಮೊದಲ ದಾಖಲೆ ಎನ್ನುತ್ತಾರೆ. ಅಲ್ಲಿಂದ ಮುಂದೆ ಎಪ್ಪತ್ತು ವರ್ಷ ಒಂದು ಸಂಗತಿ ಬದಲಾಗಲಿಲ್ಲ: ಗಾಳಿಯಲ್ಲಿ ಹರಡುವ ಅಲೆ ಒಂದೇ, ಆ ಊರಿನ ಎಲ್ಲ ಕೇಳುಗರಿಗೂ ಜಾಹೀರಾತು ಒಂದೇ.

1994ರ ನವೆಂಬರ್ 7ರಂದು ಉತ್ತರ ಕ್ಯಾರೊಲಿನಾದ ಚಾಪೆಲ್ ಹಿಲ್‌ನಲ್ಲಿ ವಿದ್ಯಾರ್ಥಿಗಳೇ ನಡೆಸುವ ಡಬ್ಲ್ಯುಎಕ್ಸ್‌ವೈಸಿ ತನ್ನ ಪ್ರಸಾರವನ್ನು ಇಂಟರ್ನೆಟ್ಟಿಗೂ ಹರಿಸಿತು. ಮುಂದಿನ ವರ್ಷ ರಿಯಲ್‌ಆಡಿಯೋ ಬಂತು, 1997ರಲ್ಲಿ ವಿನ್‌ಆಂಪ್ ಬಂತು. ಅದನ್ನು ಮಾಡಿದ ನಲ್‌ಸಾಫ್ಟ್ ಕಂಪನಿಯೇ ಸ್ವಲ್ಪ ಸಮಯದ ಬಳಿಕ ಷೌಟ್‌ಕಾಸ್ಟ್ ಎಂಬ ಸರ್ವರ್ ತಂತ್ರಾಂಶ ಕೊಟ್ಟಾಗ, ಮನೆಯ ಕಂಪ್ಯೂಟರಿನಿಂದಲೂ ರೇಡಿಯೋ ನಡೆಸಬಹುದು ಎಂದಾಯಿತು. ಊರಿನ ಎಫ್‌ಎಂ ಸ್ಟೇಷನ್‌ಗಳು ಕೂಡ ಗಾಳಿಗೆ ಬಿಡುವ ಕಾರ್ಯಕ್ರಮವನ್ನೇ ನೇರವಾಗಿ ಇಂಟರ್ನೆಟ್ಟಿಗೆ ಬಿಟ್ಟವು.

ತೊಡಕು ಎದುರಾದದ್ದು ಕಲಾವಿದರ ಸಂಭಾವನೆಯಲ್ಲಿ. ಅಮೆರಿಕದಲ್ಲಿ ಆಗ ರೇಡಿಯೋ ಜಾಹೀರಾತಿಗೆ ದನಿ ಕೊಡುತ್ತಿದ್ದವರ ಸಂಘ ಆಫ್ಟ್ರಾ. ಅದರ ಹೊಸ ಒಪ್ಪಂದದ ಪ್ರಕಾರ ರೇಡಿಯೋಗೆಂದು ಮಾಡಿದ ಜಾಹೀರಾತು ಇಂಟರ್ನೆಟ್ಟಿನಲ್ಲೂ ಕೇಳಿಸಿದರೆ ಕಲಾವಿದರಿಗೆ ಮೂಲ ಸಂಭಾವನೆಯ 300 ಪ್ರತಿಶತ ಹೆಚ್ಚುವರಿ ಕೊಡಬೇಕಿತ್ತು. ಜಾಹೀರಾತು ಕಂಪನಿಗಳು ಒಪ್ಪಲಿಲ್ಲ. 2001ರ ಏಪ್ರಿಲ್‌ನಲ್ಲಿ ಕ್ಲಿಯರ್ ಚಾನೆಲ್ ಸೇರಿದಂತೆ ದೊಡ್ಡ ರೇಡಿಯೋ ಕಂಪನಿಗಳು ನೂರಾರು ಸ್ಟೇಷನ್‌ಗಳ ಇಂಟರ್ನೆಟ್ ಪ್ರಸಾರವನ್ನೇ ನಿಲ್ಲಿಸಿಬಿಟ್ಟವು. ಮತ್ತೆ ಶುರುವಾದಾಗ ಜೊತೆಗೊಂದು ಹೊಸ ಉಪಕರಣವಿತ್ತು: ಗಾಳಿಯಲ್ಲಿ ಹೋಗುವ ಜಾಹೀರಾತನ್ನು ಇಂಟರ್ನೆಟ್ಟಿನ ಹರಿವಿನಿಂದ ತೆಗೆದು, ಆ ಜಾಗಕ್ಕೆ ಬೇರೊಂದನ್ನು ಕೂರಿಸುವ ವ್ಯವಸ್ಥೆ.

ಹೀಗೆ ಇಂಟರ್ನೆಟ್ ರೇಡಿಯೋದ ಜಾಹೀರಾತನ್ನು ದೊಡ್ಡ ಪ್ರಮಾಣದಲ್ಲಿ ಕತ್ತರಿಸಿ ತೆಗೆದದ್ದು ರೇಡಿಯೋದವರೇ. ಸ್ಟುಡಿಯೋದ ಕಂಪ್ಯೂಟರಿನಲ್ಲಿ ಯಾವುದು ಹಾಡು, ಯಾವುದು ಜಾಹೀರಾತು ಎಂಬ ಪಟ್ಟಿ ಮೊದಲೇ ಸಿದ್ಧವಿರುತ್ತದೆ. ಜಾಹೀರಾತಿನ ಸರದಿ ಬಂದ ಕ್ಷಣಕ್ಕೆ ಅದು ಇಂಟರ್ನೆಟ್ ಯಂತ್ರಕ್ಕೆ ಒಂದು ಸನ್ನೆ ಕಳಿಸುತ್ತದೆ. ಆ ಯಂತ್ರ ತನ್ನ ಜಾಹೀರಾತುಗಳನ್ನು ಹಾಕುತ್ತದೆ. ಗಾಳಿಯಲ್ಲಿ ಮೂರು ನಿಮಿಷದ ವಿರಾಮವಿದ್ದು ಇಲ್ಲಿ ಹಾಕಿದ್ದು ಮೂರು ನಿಮಿಷ ಹತ್ತು ಸೆಕೆಂಡಿನದಾದರೆ, ಮರಳುವಷ್ಟರಲ್ಲಿ ಹಾಡು ಶುರುವಾಗಿ ಹತ್ತು ಸೆಕೆಂಡ್ ಕಳೆದಿರುತ್ತದೆ. ಪಲ್ಲವಿ ಹೋಗುವುದು ಹೀಗೆ. ಹಾಕಿದ್ದು ಕಡಿಮೆಯಾದರೆ ಉಳಿದ ಸಮಯಕ್ಕೆ ಅದೇ ವಾದ್ಯಸಂಗೀತದ ತುಣುಕು, ಅದೇ ಪ್ರಕಟಣೆ ತಿರುಗಾಮುರುಗಾ ಬರುತ್ತದೆ.

ಈ ಸನ್ನೆಯನ್ನು ನೆನಪಿಡಿ. ಮುಂದೆ ಕೇಳುಗರು ಜಾಹೀರಾತು ತಡೆಯಲು ಹೂಡಿದ ಉಪಾಯಗಳಲ್ಲಿ ಅರ್ಧದಷ್ಟು ಇದರ ಮೇಲೆಯೇ ನಿಂತಿವೆ.

ಹೂ ಕಟ್ಟುವ ಕೈ

ಗಾಂಧಿಬಜಾರಿನಲ್ಲಿ ಹೂ ಕಟ್ಟುತ್ತಾ ಕೂತವರನ್ನು ಒಂದು ನಿಮಿಷ ನಿಂತು ನೋಡಿ. ಬೆರಳಿನ ಸಂದಿನಲ್ಲಿ ನಾಲ್ಕು ಮೊಗ್ಗು, ದಾರದ ಒಂದು ಸುತ್ತು, ಒಂದು ಗಂಟು. ಮತ್ತೆ ನಾಲ್ಕು ಮೊಗ್ಗು. ಮಾಲೆ ಒಂದು ಕಡೆ ಬೆಳೆಯುತ್ತಿರುವಾಗಲೇ ಇನ್ನೊಂದು ತುದಿ ನಿಮ್ಮ ಕೈಗೆ ಬರುತ್ತಿದೆ ಎಂದುಕೊಳ್ಳಿ. ಇಂಟರ್ನೆಟ್ ರೇಡಿಯೋದ ದನಿಹರಿವು, ಅಂದರೆ ಸ್ಟ್ರೀಮ್, ಇದೇ ರೀತಿ ನಿಮ್ಮನ್ನು ತಲುಪುತ್ತದೆ.

ಎಂಪಿ3 ರೂಪದ ದನಿಯಲ್ಲಿ ಒಂದು ಗಂಟಿಗೆ ಫ್ರೇಮ್ ಎಂದು ಹೆಸರು. ಅದರಲ್ಲಿ ದನಿಯ 1,152 ಮಾದರಿಗಳು ಇರುತ್ತವೆ. ಸಾಮಾನ್ಯವಾಗಿ ಸೆಕೆಂಡಿಗೆ 44,100 ಮಾದರಿ ತೆಗೆಯುವುದರಿಂದ ಒಂದು ಫ್ರೇಮ್ ಸುಮಾರು 26 ಮಿಲಿಸೆಕೆಂಡಿನದು. ಸೆಕೆಂಡಿಗೆ ಮೂವತ್ತೆಂಟು ಗಂಟು. ಒಂದು ಗಂಟು ನಿಲ್ಲುವುದು ಹಿಂದಿನ ಗಂಟಿನ ಆಸರೆಯಿಂದ. ಎಂಪಿ3ಯಲ್ಲೂ ಹಾಗೆಯೇ. ಸರಳವಾದ ದನಿ ಇರುವ ಫ್ರೇಮಿನಲ್ಲಿ ಉಳಿದ ಜಾಗವನ್ನು ಮುಂದಿನ ಜಟಿಲವಾದ ಫ್ರೇಮ್ ಬಳಸಿಕೊಳ್ಳುತ್ತದೆ. ಆದ್ದರಿಂದ ಎಲ್ಲೆಂದರಲ್ಲಿ ಕತ್ತರಿಸಿದರೆ ಕತ್ತರಿಯ ಪಕ್ಕದ ಮೊದಲ ಫ್ರೇಮಿನ ಒಂದಿಷ್ಟು ದತ್ತಾಂಶ ಹಿಂದೆಯೇ ಉಳಿದುಹೋಗಿ, ಕಿವಿಗೆ ಸಣ್ಣ 'ಟಕ್' ಕೇಳಿಸುತ್ತದೆ.

ಮಲ್ಲಿಗೆಯ ನಡುವೆ ಅಷ್ಟಷ್ಟು ದೂರಕ್ಕೆ ಮರುಗದ ಎಸಳು ಸೇರಿಸುತ್ತಾರಲ್ಲ, ಹರಿವಿನಲ್ಲೂ ಅಂಥದೊಂದಿದೆ. ಈಗ ಯಾವ ಹಾಡು ಬರುತ್ತಿದೆ ಎಂದು ಪ್ಲೇಯರಿನ ಕಿಟಕಿಯಲ್ಲಿ ಕಾಣುವ ಹೆಸರು ಅಲ್ಲಿಂದ ಬರುತ್ತದೆ. ನಾವು ಇದನ್ನು ಚೀಟಿ ಎನ್ನೋಣ. ತಾಂತ್ರಿಕರು ಮೆಟಾಡೇಟಾ ಎನ್ನುತ್ತಾರೆ. ಷೌಟ್‌ಕಾಸ್ಟ್ ರೂಢಿಗೆ ತಂದ ಕ್ರಮ ತುಂಬ ಅಚ್ಚುಕಟ್ಟಾಗಿದೆ. ಸಂಪರ್ಕ ಬೆಳೆಸುವಾಗ ಪ್ಲೇಯರು "ನನಗೆ ಚೀಟಿಯೂ ಬೇಕು" ಎಂದು ಕೇಳುತ್ತದೆ. ಸರ್ವರ್ "ಪ್ರತಿ 16,000 ಬೈಟಿಗೆ ಒಂದು ಚೀಟಿ ಇಡುತ್ತೇನೆ" ಎನ್ನುತ್ತದೆ. ಈ ಸಂಖ್ಯೆ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಬೇರೆಯಾಗಬಹುದು. 128 ಕಿಲೋಬಿಟ್‌ನ ಹರಿವಿನಲ್ಲಿ 16,000 ಬೈಟ್ ಎಂದರೆ ಸರಿಯಾಗಿ ಒಂದು ಸೆಕೆಂಡಿನ ದನಿ.

ಅಷ್ಟು ಬೈಟು ಎಣಿಸಿದ ಮೇಲೆ ಬರುವ ಒಂದು ಬೈಟು ದನಿಯಲ್ಲ, ಚೀಟಿಯ ಉದ್ದ. ಅದನ್ನು 16ರಿಂದ ಗುಣಿಸಬೇಕು. ಅಲ್ಲಿ 3 ಎಂದಿದ್ದರೆ ಮುಂದಿನ 48 ಬೈಟು ಚೀಟಿಯ ಬರಹ. ಹೆಚ್ಚೆಂದರೆ 255 ಇರಬಹುದು, ಅಂದರೆ 4,080 ಬೈಟು. ಹಾಡು ಬದಲಾಗದಿದ್ದರೆ ಅಲ್ಲಿ ಸೊನ್ನೆ ಇರುತ್ತದೆ, ಚೀಟಿ ಖಾಲಿ. ಬದಲಾದಾಗ 'ಸ್ಟ್ರೀಮ್‌ಟೈಟಲ್' ಎಂದು ಶುರುವಾಗಿ, ಸಮ ಚಿಹ್ನೆ ಹಾಕಿ, ಉದ್ಧರಣ ಚಿಹ್ನೆಗಳೊಳಗೆ ಗಾಯಕರ ಹೆಸರು ಮತ್ತು ಹಾಡಿನ ಹೆಸರು ಬರುತ್ತವೆ. ಪ್ಲೇಯರು ಎಣಿಕೆಯಲ್ಲಿ ಒಂದೇ ಒಂದು ಬೈಟು ತಪ್ಪಿದರೂ ಬರಹವನ್ನೇ ಹಾಡೆಂದು ತಿಳಿದು ನುಡಿಸಹೋಗಿ ಪ್ರತಿ ಚೀಟಿಯಲ್ಲೂ ದನಿ ಒಡೆಯುತ್ತದೆ.

ಈಗ ಮೌನದ ಒಗಟು ಬಿಡಿಸಬಹುದು. ಸುದ್ದಿಯ ಪುಟ ಪೂರ್ತಿ ಕಟ್ಟಿ ಮುಗಿದ ಮಾಲೆ. ನಡುವಿನಿಂದ ನಾಲ್ಕು ಹೂ ತೆಗೆದು ಎಳೆದು ಬಿಗಿದರೆ ಮೊಳ ಸ್ವಲ್ಪ ಗಿಡ್ಡವಾಗುತ್ತದೆ, ಅಷ್ಟೆ. ನೇರಪ್ರಸಾರದ ರೇಡಿಯೋ ಇನ್ನೂ ಕಟ್ಟುತ್ತಿರುವ ಮಾಲೆ. ನಿಮ್ಮ ಕೈಗೆ ಬಂದ ತುದಿಯಲ್ಲೇ ಜಾಹೀರಾತಿನ ಹೂವಿದ್ದರೆ ಅದನ್ನು ಕಿತ್ತೆಸೆಯಬಹುದು, ಆದರೆ ಅದರ ಜಾಗಕ್ಕೆ ಎಳೆದುಕೊಳ್ಳಲು ಮುಂದಿನ ಹೂವನ್ನು ಇನ್ನೂ ಯಾರೂ ಕಟ್ಟಿಯೇ ಇಲ್ಲ. ಆ ಮೂವತ್ತು ಸೆಕೆಂಡನ್ನು ಕಾಯಲೇಬೇಕು.

ಬೇರೆ ವಿಳಾಸದಿಂದ ಬರುವ ಜಾಹೀರಾತು

ಎಲ್ಲ ಜಾಹೀರಾತೂ ಮಾಲೆಯೊಳಗೆ ಬರುವುದಿಲ್ಲ. ಡೆಸ್ಕ್‌ಟಾಪ್ ಪ್ಲೇಯರಿನ ಕಿಟಕಿಯ ಅಂಚಿನಲ್ಲಿ ಕಾಣುವ ಚಿತ್ರದ ಜಾಹೀರಾತು, ಸ್ಟೇಷನ್ ಒತ್ತಿದ ಕೂಡಲೇ ಹಾಡಿಗಿಂತ ಮೊದಲು ಬರುವ ಹದಿನೈದು ಸೆಕೆಂಡಿನ ಮಾತು, ಇವುಗಳನ್ನು ಹೆಚ್ಚಾಗಿ ಪ್ಲೇಯರು ಪ್ರತ್ಯೇಕವಾಗಿ ಬೇರೆ ಸರ್ವರಿನಿಂದ ತರಿಸಿಕೊಳ್ಳುತ್ತದೆ. ಇವನ್ನು ತಡೆಯುವುದು ಸುಲಭ, ಏಕೆಂದರೆ ವಿಳಾಸ ಬೇರೆ.

ಅದಕ್ಕೆ ಬಳಸುವ ಹಳೆಯ ಸಾಧನ ಇಂಟರ್ನೆಟ್ಟಿನಷ್ಟೇ ಹಳೆಯದು. ಇಂಟರ್ನೆಟ್ಟಿನ ಮೂಲರೂಪವಾದ ಅರ್ಪಾನೆಟ್ ಕಾಲದಲ್ಲಿ ಯಾವ ಕಂಪ್ಯೂಟರಿನ ಹೆಸರಿಗೆ ಯಾವ ಸಂಖ್ಯಾವಿಳಾಸ ಎಂಬುದನ್ನು ಒಂದೇ ಕಡತದಲ್ಲಿ ಬರೆದಿಡುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಕಂಪ್ಯೂಟರುಗಳು ಹೆಚ್ಚಿದಾಗ 1983ರಲ್ಲಿ ಪಾಲ್ ಮಾಕಪೆಟ್ರಿಸ್ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆ ರೂಪಿಸಿದರು. ಆದರೂ ಹೋಸ್ಟ್ಸ್ ಎಂಬ ಆ ಕಡತ ಇಂದಿನ ಕಂಪ್ಯೂಟರುಗಳಲ್ಲೂ ಇದೆ. ವಿಂಡೋಸ್‌ನಲ್ಲಾದರೆ ಸಿಸ್ಟಮ್32 ಫೋಲ್ಡರಿನ ಡ್ರೈವರ್ಸ್‌ನೊಳಗೆ, ಇಟಿಸಿ ಎಂಬಲ್ಲಿ. ಹೊರಗೆ ವಿಚಾರಿಸುವ ಮುನ್ನ ಕಂಪ್ಯೂಟರು ಇದನ್ನು ನೋಡುತ್ತದೆ. ಜಾಹೀರಾತು ಸರ್ವರಿನ ಹೆಸರಿನ ಮುಂದೆ 0.0.0.0 ಎಂದು ಬರೆದಿಟ್ಟರೆ ಪ್ಲೇಯರಿನ ಕರೆ ಮನೆಯಿಂದಾಚೆ ಹೋಗುವುದೇ ಇಲ್ಲ.

ಬ್ರೌಸರಿನೊಳಗಿನ ಯುಬ್ಲಾಕ್ ಒರಿಜಿನ್, ಇಡೀ ಮನೆಯ ನೆಟ್‌ವರ್ಕಿಗೆ ಹಾಕುವ ಪೈ-ಹೋಲ್ ಇವೆಲ್ಲ ಮೂಲದಲ್ಲಿ ಇದೇ ಕೆಲಸ ಮಾಡುವಂಥವು: ವಿಳಾಸ ನೋಡು, ಬೇಡವಾದದ್ದನ್ನು ತರಬೇಡ. ಬ್ರೌಸರಿನ ಆಡ್‌ಬ್ಲಾಕರ್ ಡೆಸ್ಕ್‌ಟಾಪ್ ಪ್ಲೇಯರಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಅನೇಕರು ಗಮನಿಸಿರುವುದಿಲ್ಲ; ಅದರ ಅಧಿಕಾರ ಬ್ರೌಸರಿನೊಳಗೆ ಮಾತ್ರ. ಹೋಸ್ಟ್ಸ್ ಕಡತ ಮತ್ತು ಪೈ-ಹೋಲ್ ಇಡೀ ಯಂತ್ರಕ್ಕೆ ಅನ್ವಯಿಸುತ್ತವೆ. ವಿಎಲ್‌ಸಿಯಂಥ ಸಾದಾ ಪ್ಲೇಯರಿಗೆ ಸ್ಟೇಷನ್ನಿನ ಹರಿವಿನ ವಿಳಾಸವನ್ನು ನೇರವಾಗಿ ಕೊಟ್ಟರೆ ಚಿತ್ರದ ಜಾಹೀರಾತಿಗೆ ಜಾಗವೇ ಇರುವುದಿಲ್ಲ. ಆದರೆ ಮಾಲೆಯೊಳಗೆ ಕಟ್ಟಿಬಂದ ಜಾಹೀರಾತು ಅಲ್ಲೂ ಕೇಳಿಸುತ್ತದೆ, ಏಕೆಂದರೆ ಅದರ ವಿಳಾಸವೂ ಹಾಡಿನ ವಿಳಾಸವೂ ಒಂದೇ.

ಚೀಟಿ ಓದಿ ದನಿ ಅಡಗಿಸುವುದು

ಕೀಳಲಾಗದಿದ್ದರೆ ಬಾಯಿ ಮುಚ್ಚಿಸಬಹುದು. ಈ ಬಯಕೆ ಕಂಪ್ಯೂಟರಿಗಿಂತ ಹಿರಿಯದು. ಅಮೆರಿಕದ ಜೆನಿತ್ ಕಂಪನಿಯ ಮುಖ್ಯಸ್ಥ ಯೂಜಿನ್ ಮೆಕ್‌ಡೊನಾಲ್ಡ್‌ಗೆ ಟಿವಿ ಜಾಹೀರಾತು ಕಂಡರಾಗುತ್ತಿರಲಿಲ್ಲ. 1955ರಲ್ಲಿ ಅಲ್ಲಿನ ಎಂಜಿನಿಯರ್ ಯೂಜಿನ್ ಪಾಲಿ ಫ್ಲ್ಯಾಶ್‌ಮ್ಯಾಟಿಕ್ ಎಂಬ ರಿಮೋಟ್ ಮಾಡಿದರು. ಪರದೆಯ ನಾಲ್ಕು ಮೂಲೆಗಳಲ್ಲಿ ಬೆಳಕು ಗ್ರಹಿಸುವ ಕಣ್ಣುಗಳು. ಒಂದು ಮೂಲೆಗೆ ಬೆಳಕು ಬಿಟ್ಟರೆ ಚಿತ್ರ ಹಾಗೇ ಇದ್ದು ದನಿ ಮಾತ್ರ ನಿಲ್ಲುತ್ತಿತ್ತು.

ಇಂಟರ್ನೆಟ್ ರೇಡಿಯೋದಲ್ಲಿ ಗುಂಡಿ ಒತ್ತುವ ಕೆಲಸವನ್ನು ಚೀಟಿ ಮಾಡಬಲ್ಲದು. ಸ್ಟುಡಿಯೋದ ಆ ಸನ್ನೆ ಬಂದು ಜಾಹೀರಾತು ಶುರುವಾದಾಗ ಹಲವು ಸ್ಟೇಷನ್‌ಗಳ ಚೀಟಿಯಲ್ಲಿ ಹಾಡಿನ ಹೆಸರಿನ ಬದಲು 'ಅಡ್ವರ್ಟೈಸ್‌ಮೆಂಟ್' ಎಂದೋ, ಬರೀ ಸ್ಟೇಷನ್ನಿನ ಹೆಸರೋ ಬರುತ್ತದೆ. ಕೆಲವು ಜಾಹೀರಾತು ಸೇವೆಗಳು ಇದು ಜಾಹೀರಾತು ಎಂಬ ಗುರುತನ್ನೂ ಅದು ಎಷ್ಟು ಮಿಲಿಸೆಕೆಂಡಿನದು ಎಂಬುದನ್ನೂ ಚೀಟಿಯಲ್ಲೇ ಬರೆದಿಡುತ್ತವೆ. ಅದನ್ನು ಓದುವ ಪುಟ್ಟ ತಂತ್ರಾಂಶ ಸಾಕು. ಅಷ್ಟು ಹೊತ್ತು ದನಿ ಅಡಗಿಸಿ ಮತ್ತೆ ಬಿಡಬಹುದು.

ಸ್ಪಾಟಿಫೈ ರೇಡಿಯೋ ಅಲ್ಲ, ಕೇಳುಗ ಆರಿಸಿದ ಹಾಡು ಕೊಡುವ ಸೇವೆ. ಆದರೂ ಈ ಹಗ್ಗಜಗ್ಗಾಟ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದರ ಡೆಸ್ಕ್‌ಟಾಪ್ ಪ್ಲೇಯರಿಗೆಂದು ಹುಟ್ಟಿದ ಈಜಿಬ್ಲಾಕರ್ ಎಂಬ ತಂತ್ರಾಂಶ ಹಾಡಿನೊಳಗೆ ಕೈಯೇ ಹಾಕುತ್ತಿರಲಿಲ್ಲ. ಕಿಟಕಿಯ ಮೇಲಿನ ಶೀರ್ಷಿಕೆಪಟ್ಟಿಯನ್ನು ಓದುತ್ತಿತ್ತು. ಹಾಡಿರುವಾಗ ಅಲ್ಲಿ ಗಾಯಕರ ಮತ್ತು ಹಾಡಿನ ಹೆಸರು. ಜಾಹೀರಾತಿದ್ದಾಗ ಅವು ಇರುವುದಿಲ್ಲ. ಅದು ಕಂಡ ಕೂಡಲೇ ವಿಂಡೋಸ್‌ನ ವಾಲ್ಯೂಮ್ ಮಿಕ್ಸರಿನಲ್ಲಿ ಆ ಒಂದು ಪ್ಲೇಯರಿನ ದನಿಯನ್ನು ಸೊನ್ನೆಗೆ ಇಳಿಸುತ್ತಿತ್ತು. ಪ್ಲೇಯರಿನೊಳಗಿನ ಗುಂಡಿಯಿಂದ ದನಿ ತಗ್ಗಿಸಿದರೆ ಅದು ಪ್ಲೇಯರಿಗೆ ಗೊತ್ತಾಗಿ ಜಾಹೀರಾತನ್ನು ತಡೆಹಿಡಿಯಬಹುದು. ಮಿಕ್ಸರ್ ಇರುವುದು ಹೊರಗೆ.

ಇದಕ್ಕಿಂತ ಮುಂದೆ ಹೋದವರು ಪ್ಲೇಯರನ್ನೇ ತಿದ್ದಿದರು. 2018ರಲ್ಲಿ ಷೇರು ಮಾರುಕಟ್ಟೆಗೆ ಬರುವಾಗ ಸ್ಪಾಟಿಫೈ ಸಲ್ಲಿಸಿದ ದಾಖಲೆಯಲ್ಲಿ, ಸುಮಾರು 20 ಲಕ್ಷ ಜನ ದುಡ್ಡೂ ಕೊಡದೆ ಜಾಹೀರಾತೂ ಕೇಳದೆ ಸೇವೆ ಬಳಸುತ್ತಿದ್ದುದನ್ನು ಒಪ್ಪಿಕೊಂಡು ತನ್ನ ಬಳಕೆದಾರರ ಲೆಕ್ಕವನ್ನು ತಿದ್ದಿಕೊಂಡಿತು. ಮರುವರ್ಷ ಮಾರ್ಚ್‌ನಿಂದ ಜಾಹೀರಾತು ತಡೆಯುವುದನ್ನು ತನ್ನ ನಿಯಮಗಳಲ್ಲೇ ನಿಷೇಧಿಸಿತು.

ಗಂಟು ಮುಚ್ಚಿಡಲಾಗದು

ಚೀಟಿಯೇ ಗುಟ್ಟು ಬಿಟ್ಟುಕೊಡುತ್ತದೆ ಎಂದಾದರೆ ಚೀಟಿ ಹಾಕದಿದ್ದರಾಯಿತಲ್ಲ? ಈ ವಿಷಯದಲ್ಲಿ ನನಗೆ ಅತ್ಯಂತ ಸ್ವಾರಸ್ಯವೆನಿಸಿದ ಭಾಗ ಇದು. ಜಾಹೀರಾತನ್ನು ಪೂರ್ತಿ ಮರೆಮಾಡುವುದು ಹಾಕುವವರಿಗೇ ಕಷ್ಟ.

ಆಪಲ್ ಕಂಪನಿ 2009ರಲ್ಲಿ ಹೊರತಂದ ಎಚ್‌ಎಲ್‌ಎಸ್ ಎಂಬ ಪದ್ಧತಿಯನ್ನು ಈಗ ಬಹಳಷ್ಟು ಸ್ಟೇಷನ್‌ಗಳು ಬಳಸುತ್ತವೆ. ಇದರಲ್ಲಿ ಹರಿವನ್ನು ಆರೋ ಹತ್ತೋ ಸೆಕೆಂಡಿನ ತುಂಡುಗಳಾಗಿ ಮಾಡಿ, ಅವುಗಳ ಪಟ್ಟಿಯನ್ನು ಪ್ಲೇಯರಿಗೆ ಕೊಡುತ್ತಾರೆ. ಪ್ಲೇಯರು ಪಟ್ಟಿ ನೋಡಿ ಒಂದಾದ ಮೇಲೊಂದು ತುಂಡು ತರಿಸಿಕೊಳ್ಳುತ್ತದೆ. ಜಾಹೀರಾತು ಸೇರಿಸುವವರಿಗೆ ಇದು ಬಹಳ ಅನುಕೂಲ: ಪ್ರತಿ ಕೇಳುಗನಿಗೂ ಬೇರೆ ಪಟ್ಟಿ ಕೊಡಬಹುದು. ಸ್ಯಾನ್ ಹೋಸೆಯಲ್ಲಿ ಕೂತ ಕನ್ನಡಿಗರಿಗೆ ಒಂದು ಜಾಹೀರಾತು, ಅದೇ ಸ್ಟೇಷನ್ ಕೇಳುವ ಷಿಕಾಗೋದವರಿಗೆ ಇನ್ನೊಂದು. ಜಾಹೀರಾತೂ ಹಾಡೂ ಒಂದೇ ಸರ್ವರಿನಿಂದ ಬರುವಂತೆ ಮಾಡಿದರೆ ಹೋಸ್ಟ್ಸ್ ಕಡತ ನಿಷ್ಪ್ರಯೋಜಕ.

ಆದರೆ ಬೇರೆ ಕಡೆ, ಬೇರೆ ಯಂತ್ರದಲ್ಲಿ ತಯಾರಾದ ತುಂಡಿನ ಸಮಯದ ಲೆಕ್ಕ ಹಾಡಿನ ಲೆಕ್ಕಕ್ಕೆ ಹೊಂದುವುದಿಲ್ಲ. ಮುನ್ಸೂಚನೆ ಇಲ್ಲದೆ ಜೋಡಿಸಿದರೆ ಪ್ಲೇಯರು ತಬ್ಬಿಬ್ಬಾಗಿ ದನಿ ಕೆಡುತ್ತದೆ. ಅದಕ್ಕೆ ಪಟ್ಟಿಯಲ್ಲಿ 'ಇಲ್ಲಿ ದಾರ ಬದಲಾಗಿದೆ' ಎಂದು ಹೇಳುವ ಒಂದು ಸಾಲು ಹಾಕಲು ನಿಯಮದಲ್ಲಿಯೇ ಹೇಳಿದ್ದಾರೆ. ಆ ಸಾಲಿನ ಹೆಸರು ಡಿಸ್‌ಕಂಟಿನ್ಯುಯಿಟಿ. ಎರಡು ಮಾಲೆ ಸೇರಿಸಿದ ಗಂಟನ್ನು ಕಟ್ಟಿದವರೇ ಬೆರಳಿಟ್ಟು ತೋರಿಸಬೇಕಾದ ಸ್ಥಿತಿ.

ಎರಡನೆಯ ಕಾರಣ ಹಣದ್ದು. ಜಾಹೀರಾತು ಕೊಟ್ಟವರು "ನಮ್ಮದು ನಿಜವಾಗಿ ಕೇಳಿಸಿತೇ?" ಎಂದು ಪುರಾವೆ ಕೇಳುತ್ತಾರೆ. ಪುರಾವೆ ಕೊಡಲು ಪ್ಲೇಯರು ಆ ಕ್ಷಣಕ್ಕೆ ಎಣಿಕೆಯ ಸರ್ವರಿಗೆ ಸುದ್ದಿ ಮುಟ್ಟಿಸಬೇಕು. ಸುದ್ದಿ ಮುಟ್ಟಿಸಬೇಕಾದರೆ ಈಗ ಬರುತ್ತಿರುವುದು ಜಾಹೀರಾತು ಎಂದು ಅದಕ್ಕೆ ಗೊತ್ತಿರಬೇಕು. ಪ್ಲೇಯರಿಗೆ ಗೊತ್ತಾದದ್ದು ಅದೇ ಕಂಪ್ಯೂಟರಿನಲ್ಲಿರುವ ಇನ್ನೊಂದು ತಂತ್ರಾಂಶಕ್ಕೂ ಗೊತ್ತಾಗುತ್ತದೆ.

ಕಿವಿಯಿಂದ ಗುರುತಿಸುವ ಯಂತ್ರ

ಇನ್ನು ಉಳಿದದ್ದು ಸ್ಟುಡಿಯೋದಲ್ಲೇ ಕಾರ್ಯಕ್ರಮದೊಂದಿಗೆ ಬೆರೆತುಹೋದ ಜಾಹೀರಾತು. ಅಲ್ಲಿ ಚೀಟಿಯಿಲ್ಲ, ಗಂಟಿಲ್ಲ. ಕೇಳಿಯೇ ತಿಳಿಯಬೇಕು.

2018ರ ಸುಮಾರಿಗೆ ಫ್ರಾನ್ಸಿನಲ್ಲಿ ರೂಪುಗೊಂಡ ಆಡ್‌ಬ್ಲಾಕ್ ರೇಡಿಯೋ ಎಂಬ ಮುಕ್ತ ತಂತ್ರಾಂಶ ಈ ಕೆಲಸಕ್ಕೆ ಕೈಹಾಕಿತು. ಅದರದು ಎರಡು ಉಪಾಯ. ಒಂದು, ದನಿಗುರುತು. ಬ್ರಿಟನ್ನಿನಲ್ಲಿ 2002ರಲ್ಲಿ ಹಾಡು ಗುರುತಿಸುವ ಶಜಾಮ್ ಸೇವೆ ಶುರುವಾದಾಗ 2580ಕ್ಕೆ ಕರೆ ಮಾಡಿ ಫೋನನ್ನು ಹಾಡಿನತ್ತ ಹಿಡಿದರೆ ಹಾಡಿನ ಹೆಸರು ಸಂದೇಶದಲ್ಲಿ ಬರುತ್ತಿತ್ತು. ಅದರ ಒಳಗುಟ್ಟನ್ನು ಏವರಿ ವಾಂಗ್ 2003ರಲ್ಲಿ ಪ್ರಕಟಿಸಿದರು. ದನಿಯಲ್ಲಿ ಯಾವ ಕ್ಷಣಕ್ಕೆ ಯಾವ ಸ್ಥಾಯಿ ಅತ್ಯಂತ ಜೋರಾಗಿದೆ ಎಂಬ ಬಿಂದುಗಳನ್ನಷ್ಟೇ ಆರಿಸಿ, ಅವುಗಳನ್ನು ಜೋಡಿ ಮಾಡಿ, ಎರಡು ಸ್ಥಾಯಿಗಳನ್ನೂ ನಡುವಿನ ಅಂತರವನ್ನೂ ಬರೆದಿಡುವುದು. ಗದ್ದಲದ ನಡುವೆಯೂ ಈ ಬಿಂದುಗಳು ಉಳಿಯುತ್ತವೆ. ಜಾಹೀರಾತನ್ನು ಹಿಡಿಯಲು ಇದು ಹೇಳಿಮಾಡಿಸಿದ ಉಪಾಯ, ಯಾಕೆಂದರೆ ಒಂದೇ ಜಾಹೀರಾತು ಒಂದಕ್ಷರವೂ ಬದಲಾಗದೆ ದಿನಕ್ಕೆ ಹತ್ತಾರು ಸಲ ಬರುತ್ತದೆ.

ಎರಡನೆಯದು, ಜಾಹೀರಾತಿನ ಚಹರೆಯನ್ನು ಕಲಿಯುವುದು. ಜಾಹೀರಾತಿನ ದನಿಯನ್ನು ಒತ್ತಿ ದಟ್ಟಗೊಳಿಸಿರುತ್ತಾರೆ: ಮೆಲುದನಿಯನ್ನು ಎತ್ತಿ, ಜೋರುದನಿಯ ಸಮಕ್ಕೆ ತಂದು, ನಡುವೆ ಉಸಿರಾಡಲೂ ಜಾಗ ಬಿಟ್ಟಿರುವುದಿಲ್ಲ. ಸೂಚಿ ಒಂದೇ ಮಟ್ಟ ತೋರಿಸಿದರೂ ನಮ್ಮ ಕಿವಿಗೆ ಅದು ಜೋರು ಎನಿಸುವುದು ಇದರಿಂದ. ಜಾಹೀರಾತು, ಮಾತು, ಸಂಗೀತ ಎಂದು ವಿಂಗಡಿಸಿದ ಗಂಟೆಗಟ್ಟಲೆ ದನಿಯನ್ನು ಯಂತ್ರಕ್ಕೆ ಕೇಳಿಸಿದರೆ ಅದು ವ್ಯತ್ಯಾಸ ಕಲಿಯುತ್ತದೆ. ತಪ್ಪೂ ಮಾಡುತ್ತದೆ. ಹಿನ್ನೆಲೆ ಸಂಗೀತದ ಮೇಲೆ ಭರಭರ ಮಾತಾಡುವ ಆರ್‌ಜೆ ಅದಕ್ಕೆ ಜಾಹೀರಾತಿನಂತೆ ಕೇಳಬಹುದು. ಮಾತಿನ ಓಘದಲ್ಲೇ ನಿರೂಪಕರು ಒಂದು ಸರಕನ್ನು ಹೊಗಳಿದರೆ ಅದು ಹಿಡಿಯಲಾರದು. 1952ರಲ್ಲಿ ರೇಡಿಯೋ ಸಿಲೋನ್‌ನಲ್ಲಿ ಶುರುವಾಗಿ ಅಮೀನ್ ಸಯಾನಿಯವರ ದನಿಯಿಂದ ಮನೆಮಾತಾದ ಬಿನಾಕಾ ಗೀತ್‌ಮಾಲಾವನ್ನು ನೆನೆಸಿಕೊಳ್ಳಿ. ಟೂತ್‌ಪೇಸ್ಟಿನ ಹೆಸರು ಕಾರ್ಯಕ್ರಮದ ಹೆಸರಿನಲ್ಲೇ ಇತ್ತು. ಅದನ್ನು ಬೇರ್ಪಡಿಸಿ ತೆಗೆಯುವ ಯಂತ್ರ ಇಲ್ಲ.

ತಡವಾಗಿ ಕೇಳುವುದೇ ಉಪಾಯ

ವಿಳಾಸ, ಚೀಟಿ, ಗಂಟು, ದನಿಗುರುತು ಇವೆಲ್ಲ ಜಾಹೀರಾತು ಎಲ್ಲಿದೆ ಎಂದು ಹೇಳುತ್ತವೆ. ಗುರುತಿಸಿದ ಮೇಲೂ ಮೌನದ ಸಮಸ್ಯೆ ಹಾಗೇ ಇದೆ. ಮಾಲೆ ಇನ್ನೂ ಕಟ್ಟಿಯಾಗಿಲ್ಲವಲ್ಲ!

ಪರಿಹಾರ ಒಂದೇ: ಸ್ವಲ್ಪ ಹೊತ್ತು ಕಟ್ಟಲು ಬಿಟ್ಟು ಆಮೇಲೆ ಕೈಚಾಚುವುದು. ಎಲ್ಲ ಪ್ಲೇಯರುಗಳೂ ಇದನ್ನು ಚೂರು ಮಾಡುತ್ತವೆ. ನೆಟ್ ಒಂದು ಕ್ಷಣ ತಡವರಿಸಿದರೆ ಹಾಡು ನಿಲ್ಲದಿರಲಿ ಎಂದು ಒಂದಿಷ್ಟು ದನಿಯನ್ನು ಬಫರ್ ಎಂಬ ಮುಂಗಡ ಸಂಗ್ರಹದಲ್ಲಿ ಇಟ್ಟಿರುತ್ತವೆ. ಐಸ್‌ಕಾಸ್ಟ್ ಎಂಬ ಸರ್ವರ್ ಸಂಪರ್ಕ ಸಿಕ್ಕ ಕೂಡಲೇ 65,536 ಬೈಟುಗಳನ್ನು ಒಮ್ಮೆಲೇ ತಳ್ಳುವುದು ವಾಡಿಕೆ. 128 ಕಿಲೋಬಿಟ್‌ನಲ್ಲಿ ಅದು ನಾಲ್ಕು ಸೆಕೆಂಡು. ಜಾಹೀರಾತು ದಾಟಲು ನಾಲ್ಕು ಸೆಕೆಂಡು ಸಾಲದು. ಅದನ್ನೇ ಹತ್ತು ನಿಮಿಷ ಮಾಡಿದರೆ?

ಲೆಕ್ಕ ಹಾಕೋಣ. ಹತ್ತು ಗಂಟೆಗೆ ಪ್ಲೇಯರು ಹರಿವನ್ನು ಕೂಡಿಡಲು ಶುರು ಮಾಡುತ್ತದೆ. ನೀವು ಹತ್ತು ಹತ್ತಕ್ಕೆ ಕೂತು, ಹತ್ತು ಗಂಟೆಯ ಹಾಡಿನಿಂದ ಕೇಳತೊಡಗುತ್ತೀರಿ. ನಿಮ್ಮ ಮುಂದೆ ಹತ್ತು ನಿಮಿಷದ ಕಟ್ಟಿಮುಗಿದ ಮಾಲೆ ಇದೆ. ಈಗ ಅದು ಸುದ್ದಿಯ ಪುಟದ ಹಾಗೆ: ಜಾಹೀರಾತು ತೆಗೆದರೆ ಮುಂದಿನ ಹಾಡನ್ನು ಎಳೆದುಕೊಳ್ಳಬಹುದು, ಮೌನವಿಲ್ಲ. ಗುರುತಿಸುವ ಯಂತ್ರಕ್ಕೂ ಕೆಲವು ಸೆಕೆಂಡು ಕೇಳಿ ಖಚಿತಪಡಿಸಿಕೊಳ್ಳಲು ಬಿಡುವು ಸಿಗುತ್ತದೆ.

ಆದರೆ ದಾಟಿದ ಪ್ರತಿ ಜಾಹೀರಾತೂ ಆ ಹತ್ತು ನಿಮಿಷವನ್ನು ಕರಗಿಸುತ್ತದೆ. ಸ್ಟೇಷನ್ನು ಗಂಟೆಗೆ ಎಂಟು ನಿಮಿಷ ಜಾಹೀರಾತು ಹಾಕುತ್ತದೆ ಎಂದಿಟ್ಟುಕೊಂಡರೆ ಹನ್ನೊಂದೂಕಾಲಿನವರೆಗಿನ ಪ್ರಸಾರದಲ್ಲಿ ಒಟ್ಟು ಹತ್ತು ನಿಮಿಷ ಜಾಹೀರಾತು. ನೀವು ಉಳಿದ ಅರವತ್ತೈದು ನಿಮಿಷ ಕೇಳಿ ಮುಗಿಸುವಾಗ ಗಡಿಯಾರದಲ್ಲೂ ಹನ್ನೊಂದೂಕಾಲು. ಕೂಡಿಟ್ಟದ್ದು ಸೊನ್ನೆ. ಅಲ್ಲಿಂದ ಮುಂದೆ ಜಾಹೀರಾತು ಬಂದರೆ ಮತ್ತೆ ಮೌನ, ಇಲ್ಲವೇ ಅದನ್ನು ಕೇಳುವುದು. ಜಾಹೀರಾತು ತಪ್ಪಿಸಿಕೊಳ್ಳಲು ನಾವು ತೆರುವ ಬೆಲೆ 'ಈಗ' ಎಂಬುದು. ಕ್ರಿಕೆಟ್ ವೀಕ್ಷಕ ವಿವರಣೆಗೆ ಇದು ಆಗದ ಮಾತು. ಪಕ್ಕದ ಮನೆಯವರು ಸಿಕ್ಸರಿಗೆ ಕೂಗಿದ ಎಷ್ಟೋ ಹೊತ್ತಿನ ಮೇಲೆ ನಿಮಗೆ ಚೆಂಡು ಎಸೆದದ್ದು ಕೇಳುತ್ತದೆ. ಸಂಗೀತಕ್ಕೆ ಅಡ್ಡಿಯಿಲ್ಲ.

ಯಾರ ಖರ್ಚು

ತಡೆಯಬಹುದು ಎಂದಾಕ್ಷಣ ತಡೆಯಬೇಕೇ? ಎಫ್‌ಎಂ ಗೋಪುರಕ್ಕೆ ಹತ್ತು ಜನ ಕೇಳಿದರೂ ಹತ್ತು ಲಕ್ಷ ಜನ ಕೇಳಿದರೂ ಕರೆಂಟಿನ ಬಿಲ್ಲು ಅಷ್ಟೇ. ಇಂಟರ್ನೆಟ್ಟಿನಲ್ಲಿ ಪ್ರತಿ ಕೇಳುಗನಿಗೂ ಬೇರೆ ಮಾಲೆ ಕಟ್ಟಬೇಕು. 128 ಕಿಲೋಬಿಟ್‌ನಲ್ಲಿ ಒಬ್ಬರಿಗೆ ಗಂಟೆಗೆ 57.6 ಮೆಗಾಬೈಟ್, ಸಾವಿರ ಜನಕ್ಕೆ 57.6 ಗಿಗಾಬೈಟ್. ಅಮೆರಿಕದಲ್ಲಿ ಇನ್ನೊಂದು ಹೊರೆಯೂ ಇದೆ. ಗಾಳಿಯಲ್ಲಿ ಹಾಡು ಬಿತ್ತರಿಸುವ ಸ್ಟೇಷನ್ ಧ್ವನಿಮುದ್ರಣದ ಒಡೆಯರಿಗೆ ಏನೂ ಕೊಡಬೇಕಿಲ್ಲ, ಇಂಟರ್ನೆಟ್ಟಿನಲ್ಲಿ ಬಿತ್ತರಿಸಿದರೆ ಕೊಡಬೇಕು. ಈ ದರದ ಭಾರಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಸೋಮಾಎಫ್‌ಎಂ 2002ರಲ್ಲಿ ಪ್ರಸಾರ ನಿಲ್ಲಿಸಬೇಕಾಯಿತು. ಸಣ್ಣ ಸ್ಟೇಷನ್‌ಗಳಿಗೆ ರಿಯಾಯಿತಿ ಸಿಕ್ಕಮೇಲೆ ಮರಳಿತು. ಅದು ಇವತ್ತಿಗೂ ಜಾಹೀರಾತು ಹಾಕುವುದಿಲ್ಲ. ಕೇಳುಗರು ಕೊಡುವ ದೇಣಿಗೆಯಲ್ಲಿ ನಡೆಯುತ್ತಿದೆ. ರೇಡಿಯೋ ಪ್ಯಾರಡೈಸ್ ಕೂಡ ಹಾಗೆಯೇ.

ಹಾಗಾಗಿ ನಾನು ಎರಡನ್ನು ಬೇರೆಬೇರೆಯಾಗಿ ನೋಡುತ್ತೇನೆ. ನೀವು ಯಾರು, ಎಲ್ಲಿದ್ದೀರಿ, ಎಷ್ಟು ಹೊತ್ತು ಕೇಳಿದಿರಿ ಎಂದು ಹಿಂಬಾಲಿಸುವ ಸರ್ವರುಗಳನ್ನು, ಕಿಟಕಿಯಲ್ಲಿ ಮಿಣಮಿಣ ಮಾಡುವ ಚಿತ್ರಗಳನ್ನು ಹೋಸ್ಟ್ಸ್ ಕಡತದಲ್ಲೋ ಪೈ-ಹೋಲ್‌ನಲ್ಲೋ ತಡೆಯುವುದರಲ್ಲಿ ನನಗೆ ಯಾವ ತಪ್ಪೂ ಕಾಣುವುದಿಲ್ಲ. ನಿಮ್ಮ ಯಂತ್ರದಿಂದ ಯಾರಿಗೆ ಸುದ್ದಿ ಹೋಗಬೇಕು ಎಂದು ತೀರ್ಮಾನಿಸುವವರು ನೀವೇ. 'ಉಚಿತ ಆಡ್‌ಬ್ಲಾಕರ್' ಎಂದು ಹೇಳಿಕೊಂಡು ಬರುವ ತಿದ್ದಿದ ಪ್ಲೇಯರುಗಳನ್ನು ಮಾತ್ರ ಮುಟ್ಟಬೇಡಿ. ಯಾರು ತಿದ್ದಿದರು, ಜೊತೆಗೆ ಏನು ತುಂಬಿದರು ಎಂದು ತಿಳಿಯುವ ದಾರಿಯಿಲ್ಲ. ಮಾಲೆಯೊಳಗೆ ಬರುವ ಮಾತಿನ ಜಾಹೀರಾತಿಗೆ ದನಿ ತಗ್ಗಿಸಿದರೆ ಸಾಕು. ದಿನವೂ ಕೇಳುವ ಸಣ್ಣ ಸ್ಟೇಷನ್ನೊಂದು ನಿಮಗಿದ್ದರೆ ಅದರ ತಾಣಕ್ಕೆ ಹೋಗಿ ನೋಡಿ. ದೇಣಿಗೆ ಕೊಡಲು ಅವಕಾಶವಿದ್ದರೆ ಕೊಡಿ. ನೇರ ಹರಿವಿನ ವಿಳಾಸವೂ ಹೆಚ್ಚಾಗಿ ಅದೇ ತಾಣದಲ್ಲಿ ಸಿಗುತ್ತದೆ.